ಟರ್ಮಿನಲ್ಲಿನಲ್ಲಿ ಕನ್ನಡ ವಿಕಿಪೀಡಿಯ: ಮೊದಲು ತಲೆಬರಹ, ಆಮೇಲೆ ಲೇಖನ

ಲಿನಕ್ಸ್ ಟರ್ಮಿನಲ್ಲಿನಿಂದಲೇ ವಿಕಿಪೀಡಿಯ ನೋಡಲು ಸಿದ್ಧ ತಂತ್ರಾಂಶಗಳಿಗೆ ಬರವಿಲ್ಲ. ಡೆಬಿಯನ್ ಬಳಸುವವರು ವಿಕಿಪೀಡಿಯ2ಟೆಕ್ಸ್ಟ್ ಎಂಬ ಹಳೆಯ ಸ್ಕ್ರಿಪ್ಟನ್ನು ಕಂಡಿರಬಹುದು. ಡಬ್ಲ್ಯು3ಎಂ, ಲಿಂಕ್ಸ್ ತರಹದ ಪಠ್ಯ ಬ್ರೌಸರುಗಳ ಬೆನ್ನೇರಿ ಕೆಲಸ ಮಾಡುವಂಥದ್ದು. ನೋಡ್.ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬಳಸುವವರಿಗೆ ವಿಕಿಟ್ ಇದೆ. ಇಂಗ್ಲಿಷ್ ಲೇಖನಕ್ಕೆ ಇವು ಸಾಕು. ಕನ್ನಡದ ಹೆಸರು ಕೊಟ್ಟು ಉತ್ತರ ಬರದಿದ್ದಾಗ ಮಾತ್ರ ತೊಡಕು ಶುರುವಾಗುತ್ತದೆ. ಲೇಖನವೇ ಇಲ್ಲವೋ, ಹೆಸರು ತಪ್ಪೋ, ನಡುವೆ ಎಲ್ಲೋ ಅಕ್ಷರ ಕೆಟ್ಟಿತೋ ತಿಳಿಯುವುದಿಲ್ಲ. ಹಾಗಾಗಿ ಕನ್ನಡಕ್ಕೆ ನನ್ನ ಸಲಹೆ ಎರಡೇ ಸಾಧನ: ತರಲು ಕರ್ಲ್, ಬಿಡಿಸಲು ಜೆಕ್ಯೂ. ಎರಡೂ ಎಲ್ಲ ಡಿಸ್ಟ್ರೋಗಳ ಭಂಡಾರದಲ್ಲೂ ಸಿಗುತ್ತವೆ. (ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ದೊಡ್ಡಕ್ಷರದ ಗೊಂದಲ ಬೇಡವೆಂದೇ ಉದ್ದ ಹೆಸರಿನ ಆಪ್ಷನ್‌ಗಳನ್ನು ಆರಿಸಿಕೊಂಡಿದ್ದೇನೆ. ಅವುಗಳ ಹೆಸರಿಗೆ ಮೊದಲು ಎರಡು ಅಡ್ಡಗೆರೆ ಬರುತ್ತವೆ.)

ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶಕ್ಕೆ ತನ್ನದೇ ಎಪಿಐ ಇದೆ, ಅಂದರೆ ಬೇರೆ ತಂತ್ರಾಂಶಗಳು ಮಾಹಿತಿ ಕೇಳಿ ಪಡೆಯುವ ದಾರಿ. ಕನ್ನಡ ವಿಕಿಪೀಡಿಯದ ವಿಳಾಸದ ಕೊನೆಗೆ ಓರೆಗೆರೆ, ಡಬ್ಲ್ಯು, ಓರೆಗೆರೆ, ಎಪಿಐ ಡಾಟ್ ಪಿಎಚ್‌ಪಿ ಎಂದು ಸೇರಿಸಿದರೆ ಅದರ ಬಾಗಿಲು. ಕೇಳಬೇಕಾದದ್ದು ಇಷ್ಟು: ಆಕ್ಷನ್‌ಗೆ ಕ್ವೆರಿ, ಪ್ರಾಪ್‌ಗೆ ಎಕ್ಸ್‌ಟ್ರ್ಯಾಕ್ಟ್ಸ್, ಟೈಟಲ್ಸ್‌ಗೆ ಲೇಖನದ ಹೆಸರು, ರೀಡೈರೆಕ್ಟ್ಸ್‌ಗೆ 1, ಫಾರ್ಮ್ಯಾಟ್‌ಗೆ ಜೆಸಾನ್ (ಹೆಸರು-ಮೌಲ್ಯಗಳ ಜೋಡಿಯಾಗಿ ಮಾಹಿತಿ ಬರೆಯುವ ರೂಪ), ಫಾರ್ಮ್ಯಾಟ್‌ವರ್ಷನ್‌ಗೆ 2. ಇದರ ಜೊತೆ ಎಕ್ಸ್‌ಪ್ಲೇನ್‌ಟೆಕ್ಸ್ಟ್ ಹಾಗೂ ಎಕ್ಸ್‌ಇಂಟ್ರೊ, ಎರಡಕ್ಕೂ 1. ಎಕ್ಸ್‌ಪ್ಲೇನ್‌ಟೆಕ್ಸ್ಟ್ ಎಂದರೆ ‘ವಿವರಿಸು’ ಅಲ್ಲ. ಎಕ್ಸ್‌ಟ್ರ್ಯಾಕ್ಟಿನ ಮೊದಲೆರಡು ಅಕ್ಷರ ಇ, ಎಕ್ಸ್. ಅದರ ಬಾಲಕ್ಕೆ ಪ್ಲೇನ್ ಟೆಕ್ಸ್ಟ್, ಎಲ್ಲ ಸೇರಿ ಒಂದೇ ಪದ. ನಡುವೆ ಐ ಅಕ್ಷರವೂ ಬರುತ್ತದೆ: ವಿವರಿಸುವ ‘ಎಕ್ಸ್‌ಪ್ಲೇನ್’ಗೂ ಇದಕ್ಕೂ ಸ್ಪೆಲಿಂಗ್ ಒಂದೇ ಆಗಿರುವುದು ಕಾಕತಾಳೀಯ.

ಇವನ್ನೆಲ್ಲ ಒಂದೇ ಉದ್ದ ವಿಳಾಸವಾಗಿ ಹೆಣೆದು ಕರ್ಲ್‌ಗೆ ಕೊಡುವವರು ಮೊದಲು ಎಡವುವುದು ಶೆಲ್ಲಿನಲ್ಲಿ, ಅಂದರೆ ಕಮಾಂಡುಗಳನ್ನು ಓದಿ ನಡೆಸುವ ಬ್ಯಾಷ್ ತರಹದ ತಂತ್ರಾಂಶದಲ್ಲಿ. ಪ್ಯಾರಾಮೀಟರುಗಳ ನಡುವಿನ ಆಂಪರ್ಸೆಂಡ್ ಚಿಹ್ನೆ ಉದ್ಧರಣ ಚಿಹ್ನೆಯ ಒಳಗಿಲ್ಲದಿದ್ದರೆ, ಬ್ಯಾಷ್ ಅದನ್ನು ‘ಈ ಕೆಲಸವನ್ನು ಹಿನ್ನೆಲೆಗೆ ತಳ್ಳು’ ಎಂದು ಓದುತ್ತದೆ. ಪರದೆಯ ಮೇಲೆ ಚೌಕ ಆವರಣದಲ್ಲಿ 1, ಪಕ್ಕದಲ್ಲೊಂದು ಪ್ರೋಸೆಸ್ ಸಂಖ್ಯೆ ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ. ಎರಡನೆಯದು ಹೆಸರಿನ ನಡುವಿನ ಖಾಲಿ ಜಾಗ: ವಿಳಾಸದಲ್ಲಿ ಖಾಲಿ ಜಾಗ ಕಂಡರೆ ಕರ್ಲ್ ಕೆಟ್ಟ ವಿಳಾಸವೆಂದು 3ನೇ ಸಂಖ್ಯೆಯ ದೋಷ ಕೊಟ್ಟು ನಿಲ್ಲುತ್ತದೆ.

ಎರಡಕ್ಕೂ ಮದ್ದು ಒಂದೇ. ವಿಳಾಸವನ್ನು ಬರಿದಾಗಿ ಬಿಟ್ಟು, ಪ್ರತಿ ಪ್ಯಾರಾಮೀಟರನ್ನೂ ಡೇಟಾ-ಯುಆರ್‌ಎಲ್‌ಎನ್‌ಕೋಡ್ ಆಪ್ಷನ್ ಹಚ್ಚಿ ಬೇರೆ ಬೇರೆಯಾಗಿ ಕೊಡಿ. ಜೊತೆಗೆ ಗೆಟ್ ಆಪ್ಷನ್ ಹಾಕಿ. ಗೆಟ್ ಮರೆತರೆ ಕೋರಿಕೆ ಪೋಸ್ಟ್ ಆಗಿ ಹೋಗುತ್ತದೆ. ಉತ್ತರವೇನೋ ಬರುತ್ತದೆ, ಆದರೆ ಕ್ಯಾಷ್‌ನಿಂದ ಬರಬಹುದಾಗಿದ್ದನ್ನು ಸರ್ವರ್ ಹೊಸದಾಗಿ ಹುಡುಕಿಕೊಡಬೇಕಾಗುತ್ತದೆ. ಸೈಲೆಂಟ್ ಮತ್ತು ಶೋ-ಎರರ್ ಎರಡನ್ನೂ ಸೇರಿಸಿ: ಪ್ರಗತಿಯ ಪಟ್ಟಿ ಮರೆಯಾಗಬೇಕು, ದೋಷ ಮಾತ್ರ ಕಾಣಬೇಕು.

ಎನ್‌ಕೋಡ್ ಮಾಡಿದಾಗ ಏನಾಗುತ್ತದೆಂದು ಒಮ್ಮೆ ನೋಡಿದರೆ ಮುಂದಿನದು ಸುಲಭ. ‘ಕುವೆಂಪು’ ಎಂಬಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯುನಿಕೋಡಿನಲ್ಲಿ ಅದು ಏಳು: ಕ, ಉಕಾರದ ಕೊಂಬು, ವ, ಎತ್ವ, ಸೊನ್ನೆ, ಪ, ಮತ್ತೆ ಕೊಂಬು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 21. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಯಾಗಿ ಹಿಗ್ಗುವುದರಿಂದ 63 ಅಕ್ಷರ. ಇದನ್ನು ಕೈಯಲ್ಲಿ ಬರೆಯುವ ಕೆಲಸವನ್ನು ಕರ್ಲ್‌ಗೇ ಬಿಡಬೇಕು.

ಇಲ್ಲಿಯವರೆಗಿನದು ಯಾಂತ್ರಿಕ. ಕನ್ನಡದಲ್ಲಿ ನಿಜವಾಗಿ ಕಾಡುವುದು ಕಣ್ಣಿಗೆ ಕಾಣದ ಒಂದು ಅಕ್ಷರ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ನಡುವೆ ಶೂನ್ಯ ಅಗಲದ ಒಂದು ಬೇರ್ಪಡಿಕೆ ಸಂಕೇತ ಕೂತಿರುತ್ತದೆ. ಅದಿಲ್ಲದಿದ್ದರೆ ‘ರಾಜ್ಕುಮಾರ್’. ಎಪಿಐಗೆ ಇವೆರಡು ಬೇರೆ ಬೇರೆ ಹೆಸರು. ಪ್ರಿಂಟ್‌ಎಫ್‌ನಿಂದ ಹೆಸರನ್ನು ಪೈಪ್ ಮಾಡಿ ಡಬ್ಲ್ಯುಸಿಯ ಬೈಟ್ಸ್ ಆಪ್ಷನ್‌ಗೆ ಕೊಟ್ಟು ನೋಡಿ: ಮೊದಲನೆಯದಕ್ಕೆ 33, ಎರಡನೆಯದಕ್ಕೆ 30. (ಎಕೋ ಬಳಸಿದರೆ ಸಾಲಿನ ಕೊನೆಯ ಒಂದು ಬೈಟ್ ಹೆಚ್ಚಿ ಲೆಕ್ಕ ತಪ್ಪುತ್ತದೆ.) ಯಾವ ಬೈಟುಗಳು ಎಂದು ನೋಡಬೇಕಿದ್ದರೆ ಎಕ್ಸ್‌ಎಕ್ಸ್‌ಡಿಗೆ ಪೈಪ್ ಮಾಡಿ, ಕನ್ನಡದ ಎಲ್ಲ ಸಂಕೇತಗಳೂ ಇ0-ಬಿ2 ಅಥವಾ ಇ0-ಬಿ3ರಿಂದ ಆರಂಭವಾಗುತ್ತವೆ. ನಡುವೆ ಇ2-80-8ಸಿ ಕಂಡರೆ ಅದೇ ಈ ಬೇರ್ಪಡಿಕೆ. ಇ2-80-8ಡಿ ಕಂಡರೆ ಅದರ ಜೋಡಿ, ಅಂದರೆ ಕೂಡಿಸುವ ಸಂಕೇತ. ಅರ್ಕಾವತ್ತಿಲ್ಲದೆ ‘ರ್‍ಯ’ ಬರೆದಲ್ಲಿ ಬರುತ್ತದೆ.

ಹಾಗಾದರೆ ಆ ಸಂಕೇತವನ್ನು ಸೆಡ್ (ಪಠ್ಯ ತಿದ್ದುವ ಕಮಾಂಡ್) ಹಾಕಿ ಕಿತ್ತುಬಿಡಬಹುದಲ್ಲ ಎನಿಸುತ್ತದೆ. ಬೇಡ. ಲೇಖನದ ತಲೆಬರಹದಲ್ಲೇ ಅದಿದ್ದರೆ, ಕಿತ್ತ ಹೆಸರು ಸಿಗುವುದಿಲ್ಲ. ಮೀಡಿಯಾವಿಕಿ ಬರವಣಿಗೆಯ ದಿಕ್ಕು ಸೂಚಿಸುವ ಕೆಲವು ಅದೃಶ್ಯ ಗುರುತುಗಳನ್ನು ತಾನೇ ತೆಗೆಯುತ್ತದೆ. ಈ ಎರಡನ್ನು ಮುಟ್ಟುವುದಿಲ್ಲ, ಏಕೆಂದರೆ ಭಾರತೀಯ ಲಿಪಿಗಳಲ್ಲಿ ಅವಕ್ಕೆ ಕೆಲಸವಿದೆ. ‘ಕೋ’ದಂಥ ಅಕ್ಷರದ ಸ್ವರಚಿಹ್ನೆಯನ್ನು ಬಿಡಿ ಬಿಡಿ ತುಂಡುಗಳಾಗಿ ಟೈಪಿಸಿದ್ದರೆ ಚಿಂತೆಯಿಲ್ಲ, ಅದನ್ನು ಒಂದುಗೂಡಿಸಿಕೊಂಡೇ ಹುಡುಕುತ್ತದೆ.

ಆದ್ದರಿಂದ ಹೆಸರನ್ನು ಊಹಿಸಿ ಟೈಟಲ್ಸ್‌ಗೆ ತುಂಬುವ ಅಭ್ಯಾಸ ಬಿಡಿ. ಜೋಗದ ಲೇಖನ ಬೇಕು ಎಂದುಕೊಳ್ಳಿ. ತಲೆಬರಹ ‘ಜೋಗ’ವೋ, ‘ಜೋಗ ಜಲಪಾತ’ವೋ, ‘ಜೋಗ್ ಜಲಪಾತ’ವೋ, ‘ಗೇರುಸೊಪ್ಪೆ ಜಲಪಾತ’ವೋ? ಮರುನಿರ್ದೇಶನ ಪುಟ ಯಾರಾದರೂ ಮಾಡಿಟ್ಟಿದ್ದರೆ ಸರಿ, ಇಲ್ಲವಾದರೆ ಇಲ್ಲ. ನಿಖರ ಹೆಸರು ತರಲು ಎರಡು ದಾರಿಗಳಿವೆ.

ಒಂದು, ಹುಡುಕಾಟ. ಪ್ರಾಪ್ ಬದಲು ಲಿಸ್ಟ್‌ಗೆ ಸರ್ಚ್ ಎಂದು ಕೊಟ್ಟು, ಎಸ್‌ಆರ್‌ಸರ್ಚ್‌ಗೆ ಪದ, ಎಸ್‌ಆರ್‌ಲಿಮಿಟ್‌ಗೆ 5. ಜೆಕ್ಯೂನಲ್ಲಿ ಡಾಟ್ ಕ್ವೆರಿ ಡಾಟ್ ಸರ್ಚ್, ಖಾಲಿ ಚೌಕ ಆವರಣ, ಡಾಟ್ ಟೈಟಲ್. ಐದು ತಲೆಬರಹ ಸಾಲಾಗಿ ಬರುತ್ತವೆ. ಮೊದಲನೆಯದನ್ನೇ ಕಣ್ಣುಮುಚ್ಚಿ ತೆಗೆದುಕೊಳ್ಳುವ ಸ್ಕ್ರಿಪ್ಟ್ ಬರೆಯಬೇಡಿ. ಊರಿನ ಬಗ್ಗೆ ಕೇಳಿದರೆ ಅದೇ ಹೆಸರಿನ ಸಿನಿಮಾ ಮೇಲೆ ಬರುವುದುಂಟು. ಬ್ಯಾಷ್‌ನ ಸೆಲೆಕ್ಟ್ ಅಥವಾ ಪಟ್ಟಿಯಿಂದ ಆರಿಸಲು ಬಿಡುವ ಎಫ್‌ಜೆಡ್‌ಎಫ್‌ ಎಂಬ ಸಾಧನಕ್ಕೆ ಪಟ್ಟಿ ಕೊಟ್ಟು ಆರಿಸಿಕೊಳ್ಳುವುದು ಮೇಲು. ಹೆಸರಿನಲ್ಲಿ ‘(ಚಲನಚಿತ್ರ)’ ಎಂಬಂತೆ ಆವರಣವಿದ್ದರೆ ಉದ್ಧರಣ ಚಿಹ್ನೆ ಮರೆಯಬೇಡಿ, ಆವರಣ ಕಂಡರೆ ಶೆಲ್ ಸಿಡುಕುತ್ತದೆ.

ಎರಡನೆಯದು ನನಗೆ ಹೆಚ್ಚು ಇಷ್ಟವಾದದ್ದು: ಇಂಗ್ಲಿಷ್ ವಿಕಿಪೀಡಿಯದ ಮೂಲಕ ಬರುವುದು. ಇಂಗ್ಲಿಷಿನ ಎಪಿಐಗೆ ಇಂಗ್ಲಿಷ್ ಹೆಸರು ಕೊಟ್ಟು, ಪ್ರಾಪ್‌ಗೆ ಲ್ಯಾಂಗ್‌ಲಿಂಕ್ಸ್, ಎಲ್‌ಎಲ್‌ಲ್ಯಾಂಗ್‌ಗೆ ಕೆಎನ್ ಎಂದರೆ, ಕನ್ನಡ ಲೇಖನದ ತಲೆಬರಹ ಅದೃಶ್ಯ ಸಂಕೇತಗಳ ಸಮೇತ ಇದ್ದಂತೆಯೇ ಬರುತ್ತದೆ. ಪ್ಯಾರಾಮೀಟರಿನಲ್ಲಿ ಎಲ್ ಮೂರು ಸಲ. ಎರಡು ಹೊಡೆದರೆ ಭಾಷೆಯ ಸೋಸುವಿಕೆ ನಡೆಯದೆ ಬೇರೆ ಭಾಷೆಗಳ ಕೊಂಡಿಗಳು ಸುರಿಯುತ್ತವೆ. ಕನ್ನಡದಲ್ಲಿ ಲೇಖನವೇ ಇಲ್ಲದಿದ್ದರೆ ಲ್ಯಾಂಗ್‌ಲಿಂಕ್ಸ್ ಭಾಗವೇ ಉತ್ತರದಲ್ಲಿರುವುದಿಲ್ಲ, ಆಗ ಜೆಕ್ಯೂ ‘ನಲ್ ಮೇಲೆ ಸುತ್ತಲಾರೆ’ ಎಂದು ಗೊಣಗುತ್ತದೆ. ಚೌಕ ಆವರಣದ ನಂತರ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸುಮ್ಮನಾಗುತ್ತದೆ.

ಹೆಸರು ಕೈಗೆ ಬಂದ ಮೇಲೆ ಲೇಖನ ತರುವುದು ನಿಮಿಷದ ಕೆಲಸ. ಜೆಕ್ಯೂಗೆ ರಾ-ಔಟ್‌ಪುಟ್ ಆಪ್ಷನ್, ಡಾಟ್ ಕ್ವೆರಿ ಡಾಟ್ ಪೇಜಸ್, ಖಾಲಿ ಚೌಕ ಆವರಣ, ಡಾಟ್ ಎಕ್ಸ್‌ಟ್ರ್ಯಾಕ್ಟ್. ಬಂದದ್ದು ಬರೀ ‘ನಲ್’ ಎಂಬ ಪದವಾದರೆ ಆ ಹೆಸರಿನ ಪುಟವಿಲ್ಲ; ಜೆಸಾನ್‌ನಲ್ಲಿ ಮಿಸ್ಸಿಂಗ್ ಎಂಬ ಗುರುತು ಇರುತ್ತದೆ. ಕರ್ಲ್‌ನ ಫೇಲ್ ಆಪ್ಷನ್ನನ್ನು ನಂಬಿ ಇದನ್ನು ಹಿಡಿಯಲಾಗದು, ಪುಟವಿಲ್ಲದಿದ್ದರೂ ಎಚ್‌ಟಿಟಿಪಿ ಮಟ್ಟದಲ್ಲಿ ಉತ್ತರ 200 ಎಂದೇ ಬರುತ್ತದೆ.

ಖಾಲಿ ಸಾಲು ಬಂದರೆ ಕಾರಣ ಬೇರೆ. ಕನ್ನಡದ ಎಷ್ಟೋ ಲೇಖನಗಳಲ್ಲಿ ಪೀಠಿಕೆಯೇ ಇಲ್ಲ, ಮೇಲೊಂದು ಮಾಹಿತಿಪೆಟ್ಟಿಗೆ, ಅದರ ಕೆಳಗೆ ನೇರ ಉಪಶೀರ್ಷಿಕೆ. ಎಕ್ಸ್‌ಇಂಟ್ರೊ ಕೊಡುವುದು ಮೊದಲ ಉಪಶೀರ್ಷಿಕೆಗೆ ಮುಂಚಿನ ಪಠ್ಯ ಮಾತ್ರ. ಪೆಟ್ಟಿಗೆಯನ್ನು ಅದು ತೆಗೆದುಹಾಕುತ್ತದೆ. ಉಳಿಯುವುದು ಸೊನ್ನೆ. ಅಂಥ ಕಡೆ ಎಕ್ಸ್‌ಇಂಟ್ರೊ ಬಿಟ್ಟು ಎಕ್ಸ್‌ಚಾರ್ಸ್‌ಗೆ 1200 ಕೊಡಿ, ಅದೇ ಗರಿಷ್ಠ ಮಿತಿ. ವಾಕ್ಯಗಳ ಲೆಕ್ಕದಲ್ಲಿ ಕತ್ತರಿಸುವ ಎಕ್ಸ್‌ಸೆಂಟೆನ್ಸಸ್ ಕೂಡ ಇದೆ, ಆದರೆ ಚುಕ್ಕೆ ಕಂಡಲ್ಲಿ ವಾಕ್ಯ ಮುಗಿಯಿತೆಂದು ಎಣಿಸುವ ಉಪಾಯ ‘ಡಾ.’, ‘ಕ್ರಿ.ಶ.’, ‘ಕೆ.ವಿ.’ಗಳಿಂದ ತುಂಬಿದ ಕನ್ನಡಕ್ಕೆ ಒಗ್ಗುವುದಿಲ್ಲ. ಜನಸಂಖ್ಯೆ, ವಿಸ್ತೀರ್ಣದಂಥ ಅಂಕಿಗಳು ಪೆಟ್ಟಿಗೆಯಲ್ಲೋ ಕೋಷ್ಟಕದಲ್ಲೋ ಇರುವುದರಿಂದ ಈ ದಾರಿಯಲ್ಲಿ ಅವು ಸಿಗುವುದೇ ಇಲ್ಲ. ಅವು ಬೇಕಿದ್ದರೆ ವಿಕಿಪೀಡಿಯದ ಸೋದರ ದತ್ತಾಂಶ ಭಂಡಾರವಾದ ವಿಕಿಡೇಟಾಕ್ಕೆ ಹೋಗಬೇಕು.

ಕರ್ಲ್‌ನ ಯೂಸರ್-ಏಜೆಂಟ್ ಆಪ್ಷನ್‌ನಲ್ಲಿ ಸ್ಕ್ರಿಪ್ಟಿನ ಹೆಸರು, ನಿಮ್ಮ ಇಮೇಲ್ ಕೊಡಿ. ವಿಕಿಮೀಡಿಯದ ನೀತಿ ಅದನ್ನು ಕೇಳುತ್ತದೆ. ಗುರುತಿಲ್ಲದ ಕೋರಿಕೆಗಳನ್ನು 403 ಅಥವಾ 429 ದೋಷ ಕೊಟ್ಟು ತಡೆಯುವ ಹಕ್ಕೂ ಅದಕ್ಕಿದೆ. ನೂರಾರು ಹೆಸರು ತರುವುದಿದ್ದರೆ ಒಂದಾದ ಮೇಲೊಂದು ಕೇಳಿ, ಏಕಕಾಲಕ್ಕೆ ಬೇಡ.

ಇದನ್ನೆಲ್ಲ ಬ್ಯಾಷ್‌ಆರ್‌ಸಿ ಕಡತದಲ್ಲಿ ಒಂದು ಫಂಕ್ಷನ್ ಮಾಡಿಟ್ಟುಕೊಳ್ಳಿ. ಹೆಸರು ‘ವಿಕಿ’ ಎಂದು ಕನ್ನಡದಲ್ಲೇ ಇಟ್ಟರೂ ಬ್ಯಾಷ್ ತಕರಾರು ಮಾಡುವುದಿಲ್ಲ. ಒಳಗೆ ಡಾಲರ್-1 ಬದಲು ಉದ್ಧರಣದೊಳಗೆ ಡಾಲರ್-ನಕ್ಷತ್ರ ಬಳಸಿ, ಆಗ ಎರಡು ಪದದ ಹೆಸರನ್ನೂ ಹಾಗೇ ಟೈಪಿಸಬಹುದು.

ಪರದೆಯ ಮೇಲೆ ಕನ್ನಡ ಸರಿಯಾಗಿ ಕಾಣದಿದ್ದರೆ ತಪ್ಪು ಎಪಿಐಯದ್ದಲ್ಲ. ಲೆಸ್‌ನಲ್ಲಿ ಅಕ್ಷರದ ಬದಲು ಕೋನಾವರಣದೊಳಗೆ ಇ0, ಬಿ2 ಎಂದು ಕಂಡರೆ ಲೊಕೇಲ್ (ಭಾಷೆ, ಅಕ್ಷರಸಂಕೇತಗಳ ಸೆಟ್ಟಿಂಗ್) ಯುಟಿಎಫ್-8 ಆಗಿಲ್ಲ. ಲೊಕೇಲ್ ಕಮಾಂಡ್ ಓಡಿಸಿ ನೋಡಿ. ಸಿ ಡಾಟ್ ಯುಟಿಎಫ್-8 ಇದ್ದರೂ ಸಾಕು, ಕನ್ನಡದ್ದೇ ಬೇಕೆಂದಿಲ್ಲ. ಅಕ್ಷರ ಬಂದು ಒತ್ತು ಚದುರಿದ್ದರೆ ಅದು ಟರ್ಮಿನಲ್ ತಂತ್ರಾಂಶದ ಮಿತಿ: ಕನ್ಸೋಲ್, ಎಂಎಲ್‌ಟರ್ಮ್‌ಗಳಲ್ಲಿ ಪರವಾಗಿಲ್ಲ, ಎಕ್ಸ್‌ಟರ್ಮ್‌ನಲ್ಲಿ ಒತ್ತಕ್ಷರ ಕೂಡುವುದಿಲ್ಲ. ಗ್ರಾಫಿಕ್ಸ್ ಇಲ್ಲದ ಬರೀ ಲಿನಕ್ಸ್ ಕಪ್ಪು ಪರದೆಯಲ್ಲಂತೂ ಆಸೆಯೇ ಬೇಡ. ಅದರ ಫಾಂಟಿಗೆ 512 ಆಕೃತಿಗಳೇ ಮಿತಿ. ಸರ್ವರಿಗೆ ಎಸ್‌ಎಸ್‌ಎಚ್ ಮಾಡಿದಾಗ ಅಕ್ಷರ ಮೂಡುವುದು ನಿಮ್ಮ ಕಂಪ್ಯೂಟರಿನಲ್ಲಿ, ಆದ್ದರಿಂದ ಸರ್ವರಿಗೆ ಕನ್ನಡ ಫಾಂಟ್ ಹಾಕುವ ಅಗತ್ಯವಿಲ್ಲ. ಸಾಲು ಮಡಚಲು ಫೋಲ್ಡ್ ಬಳಸುವವರು ಗಮನಿಸಿ: ಅದರ ಹಳೆಯ ಆವೃತ್ತಿಗಳು ಎಣಿಸುವುದು ಬೈಟುಗಳನ್ನು, 80 ಎಂದರೆ ಕನ್ನಡದಲ್ಲಿ ಇಪ್ಪತ್ತಾರು ಸಂಕೇತಕ್ಕೇ ಸಾಲು ಮುರಿಯುತ್ತದೆ. 200 ಕೊಡಿ, ಸ್ಪೇಸಸ್ ಆಪ್ಷನ್ ಜೊತೆಗಿರಲಿ. ಇಲ್ಲವಾದರೆ ಅಕ್ಷರದ ಮಧ್ಯದಲ್ಲೇ ಕತ್ತರಿಸೀತು.

ಇದೇ ಕಮಾಂಡಿನಲ್ಲಿ ವಿಕಿಪೀಡಿಯದ ಜಾಗಕ್ಕೆ ವಿಕಿಸೋರ್ಸ್ (ಮೂಲಕೃತಿಗಳನ್ನು ಇಡುವ ಸೋದರ ತಾಣ) ಎಂದು ಹಾಕಿ ಹುಡುಕಿದರೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳೂ ಸಿಗುತ್ತವೆ. 2014ರಲ್ಲಿ ವಿಶ್ವವಿದ್ಯಾನಿಲಯ ಅದನ್ನು ಮುಕ್ತ ಪರವಾನಗಿಗೆ ತಂದಿತು. ಅಲ್ಲಿನ ತಲೆಬರಹಗಳಲ್ಲಿ ವಿಶ್ವಕೋಶದ ಪೂರ್ಣ ಹೆಸರು, ಓರೆಗೆರೆ, ಆಮೇಲೆ ವಿಷಯದ ಹೆಸರು ಬರುವುದರಿಂದ ಊಹಿಸುವುದು ಇನ್ನೂ ಕಷ್ಟ. ಹುಡುಕಾಟದ ದಾರಿಯೇ ಗತಿ. ಬರಹ ವಿಷಯ ತಜ್ಞರದ್ದು, ಆದರೆ ಅಚ್ಚಾದ ಕಾಲದ್ದು. ತಾಲ್ಲೂಕಿನ ಜನಸಂಖ್ಯೆಗೆ ಅದನ್ನು ನೆಚ್ಚಬೇಡಿ, ಸಸ್ಯಶಾಸ್ತ್ರಕ್ಕೋ ಶಾಸನಕ್ಕೋ ಧಾರಾಳವಾಗಿ ನೋಡಿ.

ನೆಟ್ ಇಲ್ಲದ ಕಡೆಗೆ ಕಿವಿಕ್ಸ್ ಎಂಬ ತಂತ್ರಾಂಶ ಇದೆ. ಜಿಮ್ ಎಂಬ ಕಡತದಲ್ಲಿ ಇಡೀ ವಿಕಿಪೀಡಿಯವನ್ನು ಇಳಿಸಿಕೊಂಡು, ಕಿವಿಕ್ಸ್-ಟೂಲ್ಸ್ ಪ್ಯಾಕೇಜಿನ ಕಿವಿಕ್ಸ್-ಸರ್ವ್‌ಗೆ ಪೋರ್ಟ್ 8080 ಕೊಟ್ಟು ಓಡಿಸಿದರೆ, ಶಾಲೆಯ ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಂದಲೂ ನೋಡಬಹುದು. ಟರ್ಮಿನಲ್ಲಿನಿಂದ ಡಬ್ಲ್ಯು3ಎಂ ಸಾಕು. ಚಿತ್ರಸಹಿತದ್ದು ಮ್ಯಾಕ್ಸಿ, ಚಿತ್ರವಿಲ್ಲದ್ದು ನೋಪಿಕ್, ಪೀಠಿಕೆ ಮಾತ್ರ ಇರುವುದು ಮಿನಿ. ಪೀಠಿಕೆ ಇಲ್ಲದ ಲೇಖನಗಳ ಮಾತು ಮೇಲೆ ಬಂತಲ್ಲ, ಹಾಗಾಗಿ ಕನ್ನಡಕ್ಕೆ ಮಿನಿ ಬೇಡ, ನೋಪಿಕ್ ಸೂಕ್ತ. ಇಂಗ್ಲಿಷಿನ ಮ್ಯಾಕ್ಸಿ ಕಡತ ನೂರು ಜಿಬಿಗೂ ಹೆಚ್ಚು. ಅದನ್ನು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ ಒಯ್ಯುವುದಿದ್ದರೆ ಮೊದಲೇ ಎಕ್ಸ್‌ಫ್ಯಾಟ್ ಅಥವಾ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಆಗಿದ್ದರೆ 4 ಜಿಬಿ ಮುಟ್ಟಿದಲ್ಲಿಗೆ ಕಾಪಿ ನಿಲ್ಲುತ್ತದೆ.