ದಾರ ಬಿಡಿಸಿದರೆ ತ್ರಿಭುಜ

ತ್ರಿಜ್ಯ 2 ಸೆಂಟಿಮೀಟರ್ ಇರುವ ವೃತ್ತದ ಪರಿಧಿ ಎಷ್ಟು? ಸುಮಾರು 12.57. ಅದರ ವಿಸ್ತೀರ್ಣ? ಅದೂ ಸುಮಾರು 12.57. ಸೂತ್ರ ಬಾಯಿಪಾಠ ಮಾಡಿಕೊಂಡು ಬಂದ ಏಳನೇ ತರಗತಿಯ ಮಕ್ಕಳ ಮುಂದೆ ನಾನು ಇಡುವ ಲೆಕ್ಕ ಇದು. ‘ಹಾಗಾದರೆ ಎರಡೂ ಒಂದೇನಾ?’ ಎಂದು ಯಾರಾದರೂ ಕೇಳಬೇಕು. ಮೊದಲನೆಯದು ಸೆಂಟಿಮೀಟರ್, ಅಂದರೆ ಒಂದು ದಾರದ ಉದ್ದ. ಎರಡನೆಯದು ಚದರ ಸೆಂಟಿಮೀಟರ್, ಒಳಗಿನ ಜಾಗ ಮುಚ್ಚಲು ಬೇಕಾಗುವ ಚೌಕಗಳ ಲೆಕ್ಕ.

ಪರಿಧಿಯ ‘ಟು ಪೈ ಆರ್’, ವಿಸ್ತೀರ್ಣದ ‘ಪೈ ಆರ್ ಸ್ಕ್ವೇರ್’ ಎರಡನ್ನೂ ಅವೇ ಅಕ್ಷರಗಳಿಂದ ಕಟ್ಟಲಾಗಿದೆ; ‘ಆರ್’ ಎಂದರೆ ತ್ರಿಜ್ಯ. ಬಿಡಿಬಿಡಿಯಾಗಿ ಉರು ಹೊಡೆದವರಿಗೆ ಪರೀಕ್ಷೆಯ ಹೊತ್ತಿಗೆ ಅವು ಅದಲುಬದಲಾಗುವುದು ಸಹಜ. ಇದರಲ್ಲಿ ತಪ್ಪು ಮಕ್ಕಳದ್ದಲ್ಲ. ಒಂದರಿಂದ ಇನ್ನೊಂದು ಹೇಗೆ ಹುಟ್ಟಿತೆಂದು ನಾವು ತೋರಿಸಿರುವುದಿಲ್ಲ.

ತೋರಿಸಲು ಒಂದಿಷ್ಟು ದಾರ ಸಾಕು. ಡಬ್ಬಿಯ ಮುಚ್ಚಳವೋ ಸೈಕಲ್ ಚಕ್ರವೋ, ಅದರ ಅಂಚಿಗೆ ದಾರ ಸುತ್ತಿ ಕತ್ತರಿಸಿ, ಆ ದಾರದಲ್ಲಿ ವ್ಯಾಸ ಎಷ್ಟು ಸಲ ಹಿಡಿಯುತ್ತದೆಂದು ನೋಡಬೇಕು. ಮುಚ್ಚಳಕ್ಕೂ ಮೂರು ಸಲ ಮತ್ತು ಚೂರು, ಚಕ್ರಕ್ಕೂ ಮೂರು ಸಲ ಮತ್ತು ಚೂರು. ಈ ‘ಎಷ್ಟು ಸಲ’ ಎಂಬ ಸಂಖ್ಯೆಯೇ ಪೈ. ಮಕ್ಕಳ ಅಳತೆಯಲ್ಲಿ 3.1, 3.2, 3.05 ಹೀಗೆ ಏನೇನೋ ಬರುತ್ತದೆ. ತಿದ್ದುವ ಆತುರ ಬೇಡ. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ, ವ್ಯಾಸ 20,000 ಆದರೆ ಪರಿಧಿ 62,832 ಎಂದ. ಅಂದರೆ 3.1416. ಅಷ್ಟು ನಿಖರವಾಗಿ ಹೇಳಿಯೂ ಅದು ‘ಆಸನ್ನ’, ಹತ್ತಿರದ ಬೆಲೆ, ಎಂದು ಸೇರಿಸಿದ. ತರಗತಿಯ 3.2 ಕೂಡ ಆಸನ್ನವೇ, ತುಸು ದೂರದ್ದು.

ಪುಸ್ತಕದ 22/7 ಸಹ ಅಂಥದ್ದೇ. 96 ಬಾಹುಗಳ ಎರಡು ಬಹುಭುಜಗಳ ನಡುವೆ ವೃತ್ತವನ್ನು ಸಿಕ್ಕಿಸಿದ ಆರ್ಕಿಮಿಡೀಸ್, ಪೈ 22/7ಕ್ಕಿಂತ ಕಡಿಮೆ, 223/71ಕ್ಕಿಂತ ಹೆಚ್ಚು ಎಂದು ತೋರಿಸಿದ್ದ.

ಇನ್ನು ವಿಸ್ತೀರ್ಣ. ದಪ್ಪ ದಾರವನ್ನು ಉಂಗುರ ಉಂಗುರವಾಗಿ ಒಂದರ ಹೊರಗೊಂದು ಜೋಡಿಸುತ್ತ, ನಡುವೆ ಜಾಗ ಬಿಡದೆ ಒಂದು ಬಿಲ್ಲೆ ಮಾಡಿಸಿ. ಅಂಚಿನಿಂದ ಕೇಂದ್ರದವರೆಗೆ ನೇರವಾಗಿ ಸೀಳಿ. ಉಂಗುರಗಳನ್ನು ಬಿಡಿಸಿ, ಉದ್ದದ್ದು ಕೆಳಗೆ, ಗಿಡ್ಡದ್ದು ಮೇಲೆ ಬರುವಂತೆ, ಎಡಬದಿ ಸಮ ಮಾಡಿ ಒಂದರ ಮೇಲೊಂದು ಇಡಿ. ಎದುರಿಗೆ ಲಂಬಕೋನ ತ್ರಿಭುಜ! ಅದರ ಪಾದವೇ ವೃತ್ತದ ಪರಿಧಿ, ಎತ್ತರವೇ ತ್ರಿಜ್ಯ. ತ್ರಿಭುಜದ ವಿಸ್ತೀರ್ಣ ಮಕ್ಕಳಿಗೆ ಮೊದಲೇ ಗೊತ್ತು. ಹಾಗಾಗಿ ವೃತ್ತದ ವಿಸ್ತೀರ್ಣವೆಂದರೆ ಅರ್ಧ ಪರಿಧಿಯನ್ನು ತ್ರಿಜ್ಯದಿಂದ ಗುಣಿಸಿದಷ್ಟು. ಆರ್ಯಭಟ ಹೇಳಿದ್ದೂ ಇದನ್ನೇ, ಪೈ ಎಂಬ ಹೆಸರಿನ ಹಂಗಿಲ್ಲದೆ. ಅರ್ಧ ಪರಿಧಿ ಎಂದರೆ ‘ಪೈ ಆರ್’. ಅದನ್ನು ಮತ್ತೊಂದು ‘ಆರ್’ನಿಂದ ಗುಣಿಸಿದರೆ ‘ಪೈ ಆರ್ ಸ್ಕ್ವೇರ್’. ಆ ಸ್ಕ್ವೇರ್ ಎಲ್ಲಿಂದ ಬಂತೆಂದು ಬೇರೆ ವಿವರಿಸಬೇಕಿಲ್ಲ.

‘ಸಾರ್, ಈ ಓರೆ ಅಂಚು ನೇರವಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿದೆ’ ಎಂದು ಒಂದು ಮಗು ಹೇಳಿತೆಂದರೆ ಆ ದಿನದ ಪಾಠ ಸಾರ್ಥಕ. ಇನ್ನೂ ತೆಳು ದಾರ ತಂದರೆ? ಮೆಟ್ಟಿಲು ಸಣ್ಣದಾಗುತ್ತದೆ. ಅದಕ್ಕಿಂತ ತೆಳುವಾದರೆ? ಈ ಮಾತುಕತೆಗೆ ಇಡೀ ಪೀರಿಯಡ್ ಹೋದರೂ ಹೋಗಲಿ. ಆರ್ಕಿಮಿಡೀಸನೂ ಇದೇ ತ್ರಿಭುಜವನ್ನು ಇಟ್ಟುಕೊಂಡಿದ್ದ. ವೃತ್ತ ಅದಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ, ಚಿಕ್ಕದಾಗಿರಲೂ ಸಾಧ್ಯವಿಲ್ಲ ಎಂದು ಸಾಧಿಸಿ, ಎರಡೂ ಸಮ ಎಂದು ಮುಗಿಸಿದ.

ಬಿಲ್ಲೆ ಇನ್ನೂ ಕೈಯಲ್ಲಿರುವಾಗ ಮತ್ತೊಂದು ಪ್ರಶ್ನೆ ಕೇಳಬಹುದು: ತ್ರಿಜ್ಯ ದುಪ್ಪಟ್ಟಾದರೆ ದಾರ ಎಷ್ಟು ಬೇಕು? ಹೆಚ್ಚಿನವರು ‘ಎರಡರಷ್ಟು’ ಎನ್ನುತ್ತಾರೆ. ಸುತ್ತಿ ನೋಡಲಿ. ಸುತ್ತುಗಳ ಸಂಖ್ಯೆ ಎರಡರಷ್ಟಾಗುತ್ತದೆ, ಸುತ್ತಿನ ಸರಾಸರಿ ಉದ್ದವೂ ಎರಡರಷ್ಟಾಗುತ್ತದೆ. ಒಟ್ಟು ದಾರ ನಾಲ್ಕರಷ್ಟು, ತೀರ ಹೊರಗಿನ ಸುತ್ತು ಮಾತ್ರ ಎರಡರಷ್ಟೇ.