11 ಗಂಟೆ ಆಡಿ ಸೋತ ನಿಕೋಲಸ್ ಮಹುತ್ ಆಮೇಲೆ ಏನಾದರು?

ಓದುಗರ ಪ್ರಶ್ನೆ: ವಿಂಬಲ್ಡನ್‌ನಲ್ಲಿ ಮೂರು ದಿನ ನಡೆದ ಆ ಪಂದ್ಯದ ಮಾತು ಬಂದಾಗಲೆಲ್ಲ ಗೆದ್ದ ಜಾನ್ ಇಸ್ನರ್ ಹೆಸರು ಕೇಳುತ್ತೇವೆ. ಸೋತ ಫ್ರಾನ್ಸ್ ಆಟಗಾರನ ಕಥೆ ಏನು? ಆ ಸೋಲಿನಿಂದ ಅವರು ಮೇಲೆ ಏಳಲೇ ಇಲ್ವಾ?

ಎದ್ದರು. ಎಷ್ಟರ ಮಟ್ಟಿಗೆ ಅಂದರೆ, ಗೆದ್ದ ಇಸ್ನರ್‌ಗೆ ಕೊನೆಯವರೆಗೂ ಸಿಗದ ಗ್ರ್ಯಾಂಡ್ ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳು) ಪಟ್ಟ ಸೋತ ಮಹುತ್‌ಗೆ ಐದು ಸಲ ಸಿಕ್ಕಿತು. ಎಲ್ಲವೂ ಡಬಲ್ಸ್‌ನಲ್ಲಿ. ಡಬಲ್ಸ್ ನೋಡುವವರು ಕಡಿಮೆ, ಅದಕ್ಕೇ ಇದು ಜಾಸ್ತಿ ಜನರಿಗೆ ಗೊತ್ತಿಲ್ಲ.

ಮೊದಲು ಆ ಪಂದ್ಯ. 2010ರ ಜೂನ್ 22ರಂದು 18ನೇ ಕೋರ್ಟ್‌ನಲ್ಲಿ ಶುರುವಾಯಿತು. ಮೊದಲ ಸುತ್ತಿನ ಸಾಮಾನ್ಯ ಪಂದ್ಯ. ಮಹುತ್ ನೇರ ಪ್ರವೇಶ ಸಿಗದೆ ಅರ್ಹತಾ ಸುತ್ತು ದಾಟಿ ಬಂದಿದ್ದರು. ತಲಾ ಎರಡು ಸೆಟ್ ಆದಾಗ ಕತ್ತಲಾಯಿತು. ಮರುದಿನ ಐದನೇ ಸೆಟ್ ಹಿಡಿದರೆ ಅದು ಮುಗಿಯುವ ಲಕ್ಷಣವೇ ಇಲ್ಲ. ಆಗ ವಿಂಬಲ್ಡನ್‌ನ ಕೊನೆಯ ಸೆಟ್‌ಗೆ ಟೈಬ್ರೇಕರ್ (ಸಮಬಲವಾದಾಗ ಪಾಯಿಂಟ್ ಎಣಿಸಿ ಸೆಟ್ ಮುಗಿಸುವ ಆಟ) ಇರಲಿಲ್ಲ. ಒಬ್ಬರು ಎರಡು ಗೇಮ್ ಮುಂದೆ ಹೋಗುವ ತನಕ ಆಡುತ್ತಲೇ ಇರಬೇಕು. ಹುಲ್ಲಿನ ಅಂಕಣ, ಇಬ್ಬರದೂ ಜೋರು ಸರ್ವ್. ಎದುರಾಳಿಯ ಸರ್ವ್ ಮುರಿಯುವುದು, ಅಂದರೆ ಅವರು ಸರ್ವ್ ಮಾಡುವ ಗೇಮ್ ಗೆಲ್ಲುವುದು, ಇಬ್ಬರಿಗೂ ಆಗಲಿಲ್ಲ. 47-47 ಆದಾಗ ಸ್ಕೋರ್ ಬೋರ್ಡ್ ನಿಂತೇಹೋಯಿತು. ಅದಕ್ಕಿಂತ ಮುಂದೆ ಎಣಿಸಬೇಕಾದೀತು ಅಂತ ಪ್ರೋಗ್ರಾಂ ಬರೆದವರು ಅಂದುಕೊಂಡೇ ಇರಲಿಲ್ಲ. 59-59ಕ್ಕೆ ಮತ್ತೆ ಕತ್ತಲು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಸೆಟ್‌ನಲ್ಲಿ ಮೊದಲು ಸರ್ವ್ ಮಾಡಿದ್ದು ಇಸ್ನರ್. ಹಾಗಾಗಿ 4-5ರಿಂದ ಮುಂದೆ ಮಹುತ್ ಪ್ರತಿ ಸಲ ಸರ್ವ್‌ಗೆ ನಿಂತಾಗಲೂ ಆ ಗೇಮ್ ಹೋದರೆ ಪಂದ್ಯವೇ ಹೋದಂತೆ. ಅಂಥ 64 ಗೇಮ್‌ಗಳನ್ನು ಅವರು ಉಳಿಸಿಕೊಂಡರು. 65ನೆಯದು ಕೈಜಾರಿತು. ಐದನೇ ಸೆಟ್ 70-68, ಒಟ್ಟು 11 ಗಂಟೆ 5 ನಿಮಿಷ. ಇಡೀ ಪಂದ್ಯದ ಪಾಯಿಂಟ್ ಲೆಕ್ಕ ತೆಗೆದರೆ ಮಹುತ್ 502, ಇಸ್ನರ್ 478. ಜಾಸ್ತಿ ಪಾಯಿಂಟ್ ಗೆದ್ದವರೇ ಸೋತರು! ನನಗೆ ಇಸ್ನರ್‌ನ ನೂರಕ್ಕೂ ಹೆಚ್ಚು ಏಸ್‌ಗಳಿಗಿಂತ (ಎದುರಾಳಿಗೆ ಮುಟ್ಟಲೂ ಆಗದ ಸರ್ವ್) ಆ 64 ಗೇಮ್‌ಗಳೇ ದೊಡ್ಡದು ಅನ್ನಿಸುತ್ತದೆ.

ಮರುವರ್ಷ ಅದೇ ವಿಂಬಲ್ಡನ್‌ನ ಮೊದಲ ಸುತ್ತಿನಲ್ಲಿ ಇಬ್ಬರೂ ಮತ್ತೆ ಎದುರಾದರು. ಇಸ್ನರ್ ನೇರ ಸೆಟ್‌ಗಳಲ್ಲಿ ಗೆದ್ದರು.

ಮಹುತ್‌ಗೆ ಕೈಗೆ ಬಂದದ್ದು ಬಾಯಿಗೆ ಬಾರದ ಅನುಭವ ಅದಕ್ಕೂ ಮೊದಲೇ ಆಗಿತ್ತು. 2007ರಲ್ಲಿ ಲಂಡನ್‌ನ ಕ್ವೀನ್ಸ್ ಟೂರ್ನಿಯ ಫೈನಲ್‌ನಲ್ಲಿ ಆಂಡಿ ರಾಡಿಕ್ ವಿರುದ್ಧ ಗೆಲುವಿಗೆ ಒಂದೇ ಪಾಯಿಂಟ್ ಬಾಕಿ ಇದ್ದಾಗ ಸೋತಿದ್ದರು. ಮೊದಲ ಸಿಂಗಲ್ಸ್ ಪ್ರಶಸ್ತಿ ಬಂದಿದ್ದು 2013ರಲ್ಲಿ, ನೆದರ್ಲೆಂಡ್ಸ್‌ನ ಹುಲ್ಲಿನ ಅಂಕಣದ ಟೂರ್ನಿಯಲ್ಲಿ. ಆಗ ವಯಸ್ಸು 31, ರ‍್ಯಾಂಕಿಂಗ್ 200ರ ಆಚೆ. ಫೈನಲ್‌ನಲ್ಲಿ ಸೋಲಿಸಿದ್ದು ಸ್ವಿಟ್ಜರ್ಲೆಂಡ್‌ನ ವಾವ್ರಿಂಕಾರನ್ನು. ಒಟ್ಟು ನಾಲ್ಕು ಸಿಂಗಲ್ಸ್ ಪ್ರಶಸ್ತಿ, ನಾಲ್ಕೂ ಹುಲ್ಲಿನ ಮೇಲೆಯೇ.

ಅವರ ಆಟಕ್ಕೆ ಸರಿಯಾದ ಜಾಗ ಮಾತ್ರ ಡಬಲ್ಸ್. ಸರ್ವ್ ಮಾಡಿ ನೆಟ್‌ಗೆ ನುಗ್ಗುವುದು, ಕಾಲ ಬುಡಕ್ಕೆ ಬಂದ ಚೆಂಡನ್ನೂ ನೆಲಕ್ಕೆ ಬೀಳುವ ಮೊದಲೇ ವಾಲಿಯಲ್ಲಿ ಎತ್ತುವುದು, ಚುರುಕು ಕೈ. ಸಿಂಗಲ್ಸ್‌ನಲ್ಲಿ ಹಿಂದಿನ ಗೆರೆಯ ಬಳಿಯೇ ನಿಂತು ಆಡುವ ಬೇಸ್‌ಲೈನ್ ಆಟಗಾರರ ಕಾಲ ಬಂದು ಇದಕ್ಕೆಲ್ಲ ಬೆಲೆ ಕಡಿಮೆಯಾಗಿತ್ತು. ಡಬಲ್ಸ್‌ನಲ್ಲಿ ಈಗಲೂ ಅದೇ ಬಂಡವಾಳ. ತಮಗಿಂತ ಒಂಬತ್ತು ವರ್ಷ ಚಿಕ್ಕವರಾದ ಪಿಯರ್ ಹ್ಯೂಸ್ ಹರ್ಬರ್ಟ್ ಜೊತೆ ಸೇರಿ 2015ರಲ್ಲಿ ಅಮೆರಿಕ ಓಪನ್ ಗೆದ್ದರು. 2016ರಲ್ಲಿ ವಿಂಬಲ್ಡನ್. ಹೌದು, ಅದೇ ವಿಂಬಲ್ಡನ್! ಅದೇ ವರ್ಷ 34ನೇ ವಯಸ್ಸಿನಲ್ಲಿ ಡಬಲ್ಸ್‌ನ ವಿಶ್ವ ನಂ. 1. 2018ರಲ್ಲಿ ತವರಿನ ಫ್ರೆಂಚ್ ಓಪನ್, 2019ರಲ್ಲಿ ಆಸ್ಟ್ರೇಲಿಯಾ ಓಪನ್. ಅಲ್ಲಿಗೆ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಆಯಿತು. 2021ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಂದು ಫ್ರೆಂಚ್ ಓಪನ್.

ಪ್ಯಾರಿಸ್ ಅಂದಾಗ 2019ರ ಫ್ರೆಂಚ್ ಓಪನ್ ಕಥೆ ಹೇಳಲೇಬೇಕು. ಸಿಂಗಲ್ಸ್ ಮೂರನೇ ಸುತ್ತಿನಲ್ಲಿ ಅರ್ಜೆಂಟೀನಾದ ಲಿಯೊನಾರ್ಡೊ ಮೇಯರ್ ಎದುರು ಸೋತ 37ರ ಮಹುತ್ ಕುರ್ಚಿಯಲ್ಲಿ ಕುಳಿತು ಅಳುತ್ತಿದ್ದರು. ಅವರ ಪುಟ್ಟ ಮಗ ಅಂಕಣದೊಳಗೆ ಓಡಿಬಂದು ಅಪ್ಪನನ್ನು ಅಪ್ಪಿಕೊಂಡ. ಅದನ್ನು ನೋಡಿ ಗೆದ್ದ ಮೇಯರ್ ಕಣ್ಣಲ್ಲೂ ನೀರು.

ಆಮೇಲೆ ನಿಯಮವೂ ಬದಲಾಯಿತು. 2018ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಇದೇ ಇಸ್ನರ್ ಕೊನೆಯ ಸೆಟ್ 26-24ರಲ್ಲಿ ಕೆವಿನ್ ಆಂಡರ್ಸನ್‌ಗೆ ಸೋತರು. 2019ರಿಂದ ವಿಂಬಲ್ಡನ್‌ನಲ್ಲಿ 12-12ಕ್ಕೆ ಟೈಬ್ರೇಕರ್ ಬಂತು. 2022ರಿಂದ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಕೊನೆಯ ಸೆಟ್ 6-6 ಆದರೆ ಹತ್ತು ಪಾಯಿಂಟ್‌ಗಳ ಟೈಬ್ರೇಕರ್. ಹಾಗಾಗಿ 70-68ರ ದಾಖಲೆ ಮುರಿಯುವ ದಾರಿಯೇ ಈಗಿಲ್ಲ.

ಮಹುತ್ ನಿವೃತ್ತರಾಗಿದ್ದು 2025ರ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, 43ನೇ ವಯಸ್ಸಿಗೆ. ಕೊನೆಯ ಪಂದ್ಯದ ಜೊತೆಗಾರ ಬಲ್ಗೇರಿಯಾದ ಗ್ರಿಗೋರ್ ಡಿಮಿಟ್ರೊವ್. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಕೊನೆಯ ಟೂರ್ನಿಯೂ ಅದೇ. ಅಲ್ಲಿ ಬೋಪಣ್ಣ ಜೊತೆ ಆಡಿದ ಅಲೆಕ್ಸಾಂಡರ್ ಬಬ್ಲಿಕ್, 2021ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಮಹುತ್ ಎದುರು ಸೋತ ಜೋಡಿಯಲ್ಲಿ ಒಬ್ಬರು.

ಮಹುತ್ ಆಟ ನೋಡಬೇಕು ಅಂತಿದ್ದರೆ ಆ 2021ರ ಫೈನಲ್ ನೋಡಿ. ಮೊದಲ ಸೆಟ್ ಕಳೆದುಕೊಂಡು, ಎರಡನೆಯದನ್ನು ಟೈಬ್ರೇಕರ್‌ನಲ್ಲಿ ಹಿಡಿದು, ಮೂರನೆಯದರಲ್ಲಿ ಗೆದ್ದ ಪಂದ್ಯ ಅದು.