ಗ್ರೌಂಡ್ ಫ್ಲೋರ್ ಫ್ಲ್ಯಾಟ್ ನೋಡಲು ಹೋದರೆ ಮೊದಲು ರಸ್ತೆಯಲ್ಲಿ ನಿಲ್ಲಿ

ಫ್ಲ್ಯಾಟ್ ಕೊಳ್ಳುವ ಮೊದಲು ಒಮ್ಮೆ ಬಂದು ನೋಡಿ ಹೇಳಿ ಅಂತ ಜನ ನನ್ನನ್ನು ಕರೆಯುತ್ತಾರೆ. ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರ್ ಆಗಿ 18 ವರ್ಷದಿಂದ ಇದೇ ಕೆಲಸ. ಮೂರನೇ ಮಹಡಿಯ ಮನೆಯಾದರೆ ಸೀದಾ ಒಳಗೆ ಹೋಗುತ್ತೇನೆ. ಗ್ರೌಂಡ್ ಫ್ಲೋರ್ ಆದರೆ ಗೇಟಿನ ಹೊರಗೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ರಸ್ತೆ ಎಷ್ಟು ಎತ್ತರದಲ್ಲಿದೆ, ಮನೆಯ ಹೊಸ್ತಿಲು ಎಷ್ಟು ಎತ್ತರದಲ್ಲಿದೆ, ಮಳೆ ಸುರಿದರೆ ನೀರು ಯಾವ ಕಡೆ ಹೋಗುತ್ತದೆ. ಟೈಲ್ಸು, ಕಿಚನ್ನು, ವಾಸ್ತು ಎಲ್ಲ ಆಮೇಲೆ.

ಗ್ರೌಂಡ್ ಫ್ಲೋರ್ ಬೇಡ ಅನ್ನುವವನು ನಾನಲ್ಲ. ನನ್ನ ಅಮ್ಮ ಇರುವುದೇ ಗ್ರೌಂಡ್ ಫ್ಲೋರಿನಲ್ಲಿ, ಹುಡುಕಿ ಕೊಡಿಸಿದ್ದೂ ನಾನೇ. ಆದರೆ ಕೊಡಿಸುವ ಮೊದಲು ಏಳು ಮನೆ ಬೇಡ ಅಂದಿದ್ದೆ. ಏಳಕ್ಕೂ ಕಾರಣ ಒಂದೇ, ನೀರು.

ಬೆಂಗಳೂರಿನ ರಸ್ತೆಗಳು ವರ್ಷ ಹೋದಂತೆ ಮೇಲೇರುತ್ತವೆ. ಹಳೇ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕಿದರೆ ಪ್ರತಿ ಸಲ ಒಂದೆರಡು ಇಂಚು ಎತ್ತರ ಜಾಸ್ತಿಯಾಗುತ್ತದೆ. ಕಟ್ಟಿದಾಗ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ರಸ್ತೆಯಿಂದ ಒಂದು ಮೆಟ್ಟಿಲು ಇಳಿದು ಹೋಗುವ ಬೀದಿಗಳನ್ನು ಹಳೇ ಬಡಾವಣೆಗಳಲ್ಲಿ ಎಷ್ಟೋ ನೋಡಿದ್ದೇನೆ. ಸುತ್ತಲಿನ ನೆಲಕ್ಕಿಂತ ಮನೆಯ ಪ್ಲಿಂತ್, ಅಂದರೆ ಒಳನೆಲದ ಕೆಳಗಿನ ಕಟ್ಟೆ, ಕನಿಷ್ಠ 450 ಮಿ.ಮೀ., ಅಂದರೆ ಒಂದೂವರೆ ಅಡಿ ಎತ್ತರ ಇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಾನು ಎರಡು ಅಡಿ ಕೇಳುತ್ತೇನೆ, ಅದೂ ಇವತ್ತಿನ ರಸ್ತೆಯಿಂದ. ಮಲೆನಾಡು, ಕರಾವಳಿಯ ಹಳೇ ಮನೆಗಳ ಜಗಲಿ ಎಷ್ಟು ಎತ್ತರ ಇರುತ್ತಿತ್ತು ನೆನಪಿದೆಯಲ್ಲ, ಆ ಜನಕ್ಕೆ ಮಳೆ ಗೊತ್ತಿತ್ತು.

ಎತ್ತರದ ಜೊತೆಗೆ ಜಾಗವನ್ನೂ ನೋಡಬೇಕು. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಕಟ್ಟಡದ ಮುಂದೆ ನಿಂತರೆ ನೀವಿರುವ ಸರ್ವೇ ನಂಬರ್ ಬರುತ್ತದೆ, ಸುತ್ತಮುತ್ತಲಿನ ಕೆರೆ, ಮಳೆ ನೀರು ಹರಿಯುವ ರಾಜಕಾಲುವೆ ಎಲ್ಲಿವೆ ಅಂತಲೂ ಕಾಣುತ್ತದೆ. ಹತ್ತು ನಿಮಿಷದ ಕೆಲಸ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಪಕ್ಕದ ಬಡಾವಣೆಗಳಲ್ಲಿ, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ್ ಅಪಾರ್ಟ್‌ಮೆಂಟ್‌ನಲ್ಲಿ ಜನರನ್ನು ದೋಣಿಯಲ್ಲಿ ಹೊರಗೆ ಕರೆದುಕೊಂಡು ಬಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಮೇಲಿನ ಮಹಡಿಯವರಿಗೆ ಅದು ಎರಡು ಮೂರು ದಿನ ಕರೆಂಟಿಲ್ಲದ, ನೀರಿಲ್ಲದ ಕಷ್ಟ. ಕೆಳಗಿನವರಿಗೆ ಹಾಸಿಗೆ, ಫ್ರಿಜ್ಜು, ಮಕ್ಕಳ ಪುಸ್ತಕ, ಮನೆಯ ಕಾಗದಪತ್ರ ಎಲ್ಲವೂ ಹೋದ ಹಾಗೆ.

ಇನ್ನೊಂದು ನೀರು ಒಳಗಿಂದಲೇ ಬರುತ್ತದೆ. ಇದರ ಬಗ್ಗೆ ಕೊಳ್ಳುವವರು ಯಾರೂ ಕೇಳುವುದಿಲ್ಲ, ನನಗೆ ಜಾಸ್ತಿ ಫೋನ್ ಬರುವುದು ಮಾತ್ರ ಇದಕ್ಕೇ. ಒಂದು ಭಾನುವಾರ ಬೆಳಿಗ್ಗೆ ನಿವೃತ್ತ ಶಿಕ್ಷಕಿಯೊಬ್ಬರು ಫೋನ್ ಮಾಡಿದರು. "ಬಚ್ಚಲಲ್ಲಿ ನೊರೆ ನೀರು ಮೇಲಕ್ಕೆ ಬರ್ತಾ ಇದೆ ಸರ್, ನಾವು ನಲ್ಲಿ ತಿರುಗಿಸಿಯೇ ಇಲ್ಲ" ಅಂದರು. "ಅಮ್ಮಾ, ಮೊದಲು ಮೇಲಿನ ಮನೆಯವರಿಗೆಲ್ಲ ವಾಷಿಂಗ್ ಮೆಷಿನ್ ನಿಲ್ಲಿಸೋಕೆ ಹೇಳಿ, ಬರ್ತೀನಿ" ಅಂದೆ. ನಾನು ಹೋಗುವಷ್ಟರಲ್ಲಿ ನೀರು ಹಾಲ್‌ಗೆ ಬಂದು ಸೋಫಾದ ಕಾಲು ಮುಟ್ಟಿತ್ತು. ಅವರು ಹಳೇ ಸೀರೆಗಳನ್ನು ಸುತ್ತಿ ದೇವರ ಮನೆಯ ಬಾಗಿಲಿಗೆ ಅಡ್ಡ ಇಟ್ಟಿದ್ದರು.

ಆಗಿದ್ದು ಇಷ್ಟು. ನಾಲ್ಕು ಮಹಡಿಯ ಬಚ್ಚಲ ನೀರು ಒಂದೇ ಪೈಪಿನಲ್ಲಿ ಕೆಳಗಿಳಿದು ಹೊರಗೆ ನೆಲದಲ್ಲಿರುವ ಮುಚ್ಚಳದ ಗುಂಡಿಗೆ, ಅಂದರೆ ಚೇಂಬರ್‌ಗೆ ಹೋಗುತ್ತಿತ್ತು. ಚೇಂಬರ್ ಕಟ್ಟಿಕೊಂಡಿತ್ತು. ಮೇಲಿನಿಂದ ನೀರು ಬರುತ್ತಲೇ ಇದೆ, ಮುಂದೆ ಹೋಗಲು ದಾರಿ ಇಲ್ಲ, ಹಾಗಾಗಿ ಸಿಕ್ಕ ಮೊದಲ ತೂತಿನಿಂದ ಉಕ್ಕಿತು. ಆ ತೂತು ಯಾವಾಗಲೂ ಗ್ರೌಂಡ್ ಫ್ಲೋರಿನ ಬಚ್ಚಲೇ. ಕಟ್ಟುವಾಗಲೇ ಗ್ರೌಂಡ್ ಫ್ಲೋರಿನ ಲೈನನ್ನು ಆ ಪೈಪಿಗೆ ಸೇರಿಸದೆ ಬೇರೆಯಾಗಿ ಚೇಂಬರ್‌ಗೆ ಕೊಟ್ಟು, ಚೇಂಬರಿನ ಮುಚ್ಚಳ ಮನೆಯ ನೆಲಕ್ಕಿಂತ ಸಾಕಷ್ಟು ಕೆಳಗಿರುವಂತೆ ನೋಡಿಕೊಂಡಿದ್ದರೆ ನೀರು ಅಂಗಳದಲ್ಲೇ ಉಕ್ಕಿ ಹೋಗುತ್ತಿತ್ತು, ಮನೆ ಉಳಿಯುತ್ತಿತ್ತು. ಕೊಳ್ಳುವ ಮೊದಲು ಪ್ಲಂಬಿಂಗ್ ಡ್ರಾಯಿಂಗ್ ಕೇಳಿ. ಡ್ರಾಯಿಂಗ್ ಇಲ್ಲ ಅಂದರೆ ಚೇಂಬರ್ ಮುಚ್ಚಳ ತೆಗೆಸಿ, ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಅದು ಬೇರೆ ಪೈಪಿನಿಂದ ಬಂದು ಬೀಳುತ್ತದೋ ಮೇಲಿನವರ ಪೈಪಿನಿಂದಲೋ ನೋಡಿ. ಲೈನ್ ಬೇರೆ ಮಾಡಲು ಆಗದಿದ್ದರೆ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಬಹುದು, ಅದನ್ನು ಆಗಾಗ ತೆಗೆದು ತೊಳೆಯಬೇಕು ಅಷ್ಟೇ. ಆ ಟೀಚರ್ ಮನೆಗೆ ಅಸೋಸಿಯೇಷನ್ ಖರ್ಚಿನಲ್ಲೇ ಲೈನ್ ಬೇರೆ ಮಾಡಿಸಿದೆವು. ಪೈಪು ಎಲ್ಲರದ್ದು, ಖರ್ಚು ಅವರೊಬ್ಬರದ್ದು ಯಾಕಾಗಬೇಕು ಅಂತ ಮೀಟಿಂಗಿನಲ್ಲಿ ನಾನೇ ಜೋರಾಗಿ ಕೇಳಿದ್ದೆ.

ನೀರು ಒಳಗೆ ಬಂದ ದಿನ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಉಳಿದದ್ದು. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್ ಕಡೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ನಿಂತ ಮಳೆ ನೀರನ್ನು ಪಂಪ್ ಹಚ್ಚಿ ತೆಗೆಯಲು ಹೋಗಿ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬ 12 ವರ್ಷದ ಹುಡುಗ.

ಮೂರನೆಯದು ನೆಲದಿಂದ ಏರುವ ತೇವ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ ಗೋಡೆ ಮಣ್ಣಿನ ನೀರು ಹೀರುತ್ತದೆ, ಸುಮಾರು ಮೂರು ಅಡಿವರೆಗೂ ಏರಬಹುದು. ಬಣ್ಣ ಉಬ್ಬುತ್ತದೆ, ಬಿಳಿ ಉಪ್ಪು ಬಿಡುತ್ತದೆ, ಬೀರುವಿನ ಹಿಂದೆ ಬೂಷ್ಟು. ಏಪ್ರಿಲ್‌ನಲ್ಲಿ ಮನೆ ನೋಡಿದರೆ ಏನೂ ಕಾಣಲ್ಲ, ಸೆಪ್ಟೆಂಬರ್‌ನಲ್ಲಿ ನೋಡಿ. ಗೋಡೆಯ ಬುಡದ ಟೈಲ್ಸ್ ಪಟ್ಟಿಯ (ಸ್ಕರ್ಟಿಂಗ್) ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಇಟ್ಟರೆ ತಣ್ಣಗೆ ಗೊತ್ತಾಗುತ್ತದೆ. ಎಷ್ಟೋ ಸಲ ತಪ್ಪು ಬಿಲ್ಡರ್‌ದೂ ಅಲ್ಲ. ಹಿಂದಿನ ಜಾಗದಲ್ಲಿ ಗಿಡ ಹಾಕೋಣ ಅಂತ ಮನೆಯವರೇ ಗೋಡೆಗೆ ಒತ್ತಿ ಎರಡು ಅಡಿ ಮಣ್ಣು ಏರಿಸಿ, ದಿನಾ ನೀರು ಹಾಕಿರುತ್ತಾರೆ. ಮಣ್ಣು ತೆಗೆದು ಪಾತಿಯನ್ನು ಗೋಡೆಯಿಂದ ದೂರ ಇಡಿ. ತೇವದ ಗೋಡೆಗೆ ವಾಲ್‌ಪೇಪರ್ ಅಂಟಿಸಬೇಡಿ, ಒಳಗೊಳಗೇ ಜಾಸ್ತಿಯಾಗುತ್ತದೆ.

ಜಿರಳೆ, ವಾಸನೆ ಅನ್ನುವವರಿಗೆ ಒಂದೇ ಮಾತು. ಬಚ್ಚಲ ತೂತಿನ ಕೆಳಗಿರುವ ನಹಾನಿ ಟ್ರ್ಯಾಪ್ ಒಳಗೆ ಎರಡು ಇಂಚಿನಷ್ಟು ನೀರು ಸದಾ ನಿಂತಿರಬೇಕು, ಅದೇ ತಡೆ. ಬಳಸದ ಬಚ್ಚಲಲ್ಲಿ ಅದು ಆರಿ ಹೋಗುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ.

ಇಷ್ಟೆಲ್ಲ ಸರಿ ಇದ್ದರೆ ಗ್ರೌಂಡ್ ಫ್ಲೋರ್ ನಿಜಕ್ಕೂ ಸುಖದ ಮನೆ. ತಾರಸಿಯ ಬಿಸಿಲು ಇಲ್ಲಿಗೆ ಇಳಿಯುವುದಿಲ್ಲ, ಏಪ್ರಿಲ್‌ನಲ್ಲೂ ತಂಪು. ನಲ್ಲಿಯಲ್ಲಿ ನೀರು ರಭಸವಾಗಿ ಬರುತ್ತದೆ. ಟ್ಯಾಂಕ್ ಹತ್ತು ಮೀಟರ್ ಮೇಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ, ಮೇಲಿನ ಮಹಡಿಯವರು ಅದಕ್ಕಾಗಿ ಪಂಪ್ ಹಾಕಿಸುತ್ತಾರೆ. ಕರೆಂಟ್ ಹೋಗಿ ಲಿಫ್ಟ್ ನಿಂತರೂ ವೀಲ್‌ಚೇರಿನಲ್ಲಿರುವವರು ಡಯಾಲಿಸಿಸ್‌ಗೆ ಹೊರಡಬಹುದು. ಮಂಡಿ ನೋವಿನವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ. ಬೆಳಕು ಎಷ್ಟಿದೆ ಅಂತ ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ದೀಪ ಹಾಕದೆ ನೋಡಿ. ಪಕ್ಕದ ಕಟ್ಟಡ ತೀರಾ ಹತ್ತಿರ ಇದ್ದರೆ ಹಗಲೂ ಕತ್ತಲೆಯೇ.

ಕಾಗದದ ವಿಷಯ ಎರಡು. ಕೆಲವು ಕಡೆ ಪಾರ್ಕಿಂಗ್‌ಗೆ ಅಂತ ಮಂಜೂರಾದ, ಕಂಬಗಳಷ್ಟೇ ಇರುವ ಸ್ಟಿಲ್ಟ್ ಜಾಗಕ್ಕೇ ಗೋಡೆ ಕಟ್ಟಿ ಫ್ಲ್ಯಾಟ್ ಅಂತ ಮಾರುತ್ತಾರೆ. ಮಂಜೂರಾದ ನಕ್ಷೆಯಲ್ಲಿ ನಿಮ್ಮ ಫ್ಲ್ಯಾಟ್ ನಂಬರ್ ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಇನ್ನೊಂದು, "ಪ್ರೈವೇಟ್ ಗಾರ್ಡನ್". ಬ್ರೋಷರ್‌ನಲ್ಲಿ ಇದ್ದರೆ ಸಾಲದು. ಕಟ್ಟಡದ ಯಾವ ಜಾಗ ಯಾರದ್ದು ಅಂತ ಹೇಳುವ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ, ನಿಮ್ಮ ಸೇಲ್ ಡೀಡ್‌ನಲ್ಲಿ ಆ ಜಾಗ ನಿಮ್ಮ ಬಳಕೆಗೆ ಅಂತ ಬರೆದಿರಬೇಕು. ಇಲ್ಲದಿದ್ದರೆ ಅದು ಎಲ್ಲರ ಜಾಗ, ನಾಳೆ ಅಸೋಸಿಯೇಷನ್ ಬೇಲಿ ತೆಗೆಯಿರಿ ಅಂದರೆ ತೆಗೆಯಬೇಕಾಗುತ್ತದೆ. ವಕೀಲರಿಗೆ ತೋರಿಸಿಯೇ ಅಡ್ವಾನ್ಸ್ ಕೊಡಿ.

ಅಮ್ಮನ ಮನೆ ರಸ್ತೆಯಿಂದ ಎರಡೂಕಾಲು ಅಡಿ ಮೇಲಿದೆ, ಬಚ್ಚಲ ಲೈನ್ ಬೇರೆ. ಪ್ರತಿ ವರ್ಷ ಮೇ ಕೊನೆಯ ವಾರ ನಾನೇ ಹೋಗಿ ಚೇಂಬರ್ ಮುಚ್ಚಳ ತೆಗೆಸಿ ನೋಡುತ್ತೇನೆ. ಅಮ್ಮ ಹಿಂದಿನ ಬಾಗಿಲಲ್ಲಿ ಕೂತು ಅವರೆಕಾಯಿ ಪಾತಿಗೆ ಕಾಲಿಡಬೇಡ ಅಂತ ಹೇಳುತ್ತಿರುತ್ತಾರೆ. ಪಾತಿ ಗೋಡೆಯಿಂದ ನಾಲ್ಕು ಅಡಿ ದೂರದಲ್ಲಿದೆ.